ಊಟದ ಹೊತ್ತಿಗೆ ಮೊಬೈಲನ್ನು ದೂರವಿಡುವ ಬಗೆ

ದಿನವಿಡೀ ಮೊಬೈಲ್ ಮುಟ್ಟುವುದಿಲ್ಲವೆಂದು ಸಂಕಲ್ಪ ಮಾಡುವುದಕ್ಕಿಂತ, ಬೆಳಗಿನ ಮೊದಲ ಒಂದು ಗಂಟೆಯನ್ನೂ ಊಟದ ಹೊತ್ತನ್ನೂ ಅದರಿಂದ ಬಿಡಿಸಿಕೊಳ್ಳುವುದು ಸುಲಭ. ಮೊದಲು ಒಂದು ಅಲಾರಂ ಗಡಿಯಾರ ಕೊಳ್ಳಿ. ಏಳುವುದಕ್ಕೂ ಮೊಬೈಲನ್ನೇ ನೆಚ್ಚಿಕೊಂಡರೆ, ಅಲಾರಂ ನಿಲ್ಲಿಸಿದ ಬೆರಳು ಮರುಕ್ಷಣವೇ ವಾಟ್ಸಾಪ್ ತೆರೆಯುತ್ತದೆ. ಚಾರ್ಜರ್ ಮಲಗುವ ಕೋಣೆಯಲ್ಲಿ ಬೇಡ, ನಡುಮನೆಯಲ್ಲಿರಲಿ. ಬಳಿಕ ಸೆಟ್ಟಿಂಗ್ಸ್‌ಗೆ ಹೋಗಿ, ಕರೆಗಳು ಹಾಗೂ ಮನೆಯವರ ಸಂದೇಶಗಳನ್ನುಳಿದು ಮಿಕ್ಕ ನೋಟಿಫಿಕೇಶನ್‌ಗಳನ್ನೆಲ್ಲ ನಿಲ್ಲಿಸಿ.

ನಿಜವಾದ ಅಭ್ಯಾಸ ಆಗಬೇಕಾದದ್ದು ತಟ್ಟೆಯ ಮುಂದೆ. ಮೊದಲ ತುತ್ತನ್ನು ಕಲಸುವಾಗ ಬೆರಳಿಗೆ ತಾಗುವ ಅನ್ನದ ಬಿಸಿ, ಸಾರಿನ ಒಗ್ಗರಣೆಯಲ್ಲಿ ಬೆಂದ ಇಂಗಿನ ಘಮ, ಹಲ್ಲಿಗೆ ಸಿಕ್ಕ ಸಾಸಿವೆಯ ಸಣ್ಣ ಖಾರ, ಇವುಗಳನ್ನು ಒಂದೊಂದಾಗಿ ಗಮನಿಸುತ್ತ ನಿಧಾನವಾಗಿ ಅಗಿಯಿರಿ. ನಡುವೆ ಮನಸ್ಸು ಆಫೀಸಿನ ಕಡೆಗೋ ಯಾರದೋ ಸ್ಟೇಟಸ್ಸಿನ ಕಡೆಗೋ ಓಡುವುದು ಸಹಜ. ನಿಮ್ಮನ್ನು ಹಳಿದುಕೊಳ್ಳದೆ, ಓಡಿದ್ದನ್ನು ಕಂಡು, ಮುಂದಿನ ತುತ್ತಿಗೆ ಅದನ್ನು ಕರೆತನ್ನಿ. ಮೊದಮೊದಲು ಕೈ ತಾನಾಗಿಯೇ ಜೇಬನ್ನು ತಡಕುತ್ತದೆ. ಊರಿನಲ್ಲಿ ವಯಸ್ಸಾದ ತಂದೆ ತಾಯಿ ಇದ್ದು ಕರೆ ಬರಬಹುದೆಂಬ ಆತಂಕ ನಿಮಗಿದ್ದರೆ, ಅದು ನ್ಯಾಯವಾದ ಆತಂಕವೇ. ರಿಂಗ್ ಕೇಳಿಸುವಷ್ಟು ದೂರದಲ್ಲಿ, ಪರದೆ ಕಾಣದಂತೆ ಮೊಬೈಲನ್ನು ಮಗುಚಿಟ್ಟು ಊಟಕ್ಕೆ ಕುಳಿತುಕೊಳ್ಳಿ.