ಗೋಣಿಚೀಲದಿಂದ ಹುಣಸೆ ತೊಗಟೆ: ರಂಗಸಜ್ಜಿಕೆಗೆ ಮರ ಮಾಡುವ ಬಗೆ

ಬಣ್ಣದಲ್ಲಿ ಬರೆದ ತೊಗಟೆ ಎದುರಿನ ದೀಪ ಬಿದ್ದೊಡನೆ ಚಪ್ಪಟೆಯಾಗುತ್ತದೆ. ಬಿರುಕು ನಿಜವಾಗಿಯೂ ತಗ್ಗಾಗಿದ್ದು ಅದರೊಳಗೆ ನೆರಳು ಕೂತರೆ ಮಾತ್ರ ಕೊನೆಯ ಸಾಲಿನವರಿಗೂ ಮರ ಮರವಾಗಿ ಕಾಣುತ್ತದೆ. ಇದಕ್ಕೆ ಹಳೆಯ ಗೋಣಿಚೀಲವೇ ಸರಿ.

ಮೊದಲು ಯಾವ ಮರ ಎಂದು ತೀರ್ಮಾನಿಸಿ. ಆಲದ ತೊಗಟೆ ನಯ, ಮತ್ತಿಯದು ಮೊಸಳೆಯ ಬೆನ್ನಿನಂತೆ, ಹುಣಸೆಯದು ಉದ್ದಕ್ಕೂ ಅಡ್ಡಕ್ಕೂ ಸೀಳಿದ ಕಡುಬೂದು. ಇಲ್ಲಿರುವುದು 8 ಅಡಿ ಎತ್ತರ, 4.5 ಅಡಿ ಸುತ್ತಳತೆಯ ಹುಣಸೆ ಕಾಂಡದ ಲೆಕ್ಕ. 50 ಕೆ.ಜಿ. ಹಿಡಿಯುವ 5 ಸೆಣಬಿನ ಚೀಲ ಬೇಕು. ಪ್ಲಾಸ್ಟಿಕ್ ಚೀಲ ಅಂಟು ಹೀರುವುದಿಲ್ಲ.

ಬಿದಿರಿನ ದಬ್ಬೆಗಳನ್ನು ಬಳೆಯಾಗಿ ಬಗ್ಗಿಸಿ ಉದ್ದದ ದಬ್ಬೆಗಳಿಗೆ ಕಟ್ಟಿ, ಮೇಲೆ ಕೋಳಿ ಜಾಲರಿ ಸುತ್ತಿ. ತಂತಿಯ ತುದಿಗಳನ್ನು ಒಳಕ್ಕೆ ಮಡಚದಿದ್ದರೆ ನಟರ ಕೈ ಗೀರುತ್ತದೆ. ಬುಡಕ್ಕೆ ಪ್ಲೈವುಡ್ ಹಲಗೆ ಹಾಕಿ, ಮರಳಿನ ಚೀಲದ ಭಾರ ಕೊಡಿ. ಜಾಲರಿಯನ್ನು ಅಲ್ಲಲ್ಲಿ ಒತ್ತಿ ಉಬ್ಬುತಗ್ಗು ಮಾಡಿ. ನೆಟ್ಟಗಿನ ಕೊಳವೆಗೆ ಏನು ಹೊದಿಸಿದರೂ ಕೊಳವೆಯೇ ಕಾಣುತ್ತದೆ.

ಗೋಣಿಗೆ ಬೆಂಕಿ ಬೇಗ ಹತ್ತುತ್ತದೆ. ಈ ಹಂತವನ್ನು ದಯವಿಟ್ಟು ಬಿಡಬೇಡಿ: 5 ಲೀಟರ್ ಬಿಸಿನೀರಿನಲ್ಲಿ 500 ಗ್ರಾಂ ಬೋರಾಕ್ಸ್ (ಬಿಳಿಗಾರ), 225 ಗ್ರಾಂ ಬೋರಿಕ್ ಆಮ್ಲ ಕರಗಿಸಿ, ಕೈಗವಸು ತೊಟ್ಟು, ಹೊಲಿಗೆ ಬಿಚ್ಚಿದ ಚೀಲಗಳನ್ನು ಅದ್ದಿ ಪೂರ್ತಿ ಒಣಗಿಸಿ. ಒಂದು ಚೂರು ಕತ್ತರಿಸಿ, ಬಯಲಿನಲ್ಲಿ ಕಡ್ಡಿ ಗೀರಿ ಹಿಡಿದು ನೋಡಿ. ಕಡ್ಡಿ ತೆಗೆದ ಮೇಲೂ ಉರಿದರೆ ಇನ್ನೊಮ್ಮೆ ಅದ್ದಬೇಕು.

ಇಂಥ ಗೋಣಿಗೆ ಫೆವಿಕಾಲ್ ಬೇಡ. ಬೋರಾಕ್ಸ್ ತಗುಲಿದರೆ ಬಿಳಿ ಅಂಟು ರಬ್ಬರಿನ ಹಾಗೆ ಗಡ್ಡೆ ಕಟ್ಟುತ್ತದೆ. 1 ಕೆ.ಜಿ. ಮೈದಾವನ್ನು 6 ಲೀಟರ್ ನೀರಿನಲ್ಲಿ ಗಂಟಿಲ್ಲದಂತೆ ಕದಡಿ ಕುದಿಸಿ, 1 ಕೆ.ಜಿ. ಸೀಮೆಸುಣ್ಣದ ಪುಡಿ ಬೆರೆಸಿ. ಪುಡಿಯಿಂದ ಗಡಸುತನ ಬರುತ್ತದೆ.

ಚೀಲವನ್ನು ಅಂಟಿನಲ್ಲಿ ಅದ್ದಿ ಹಿಂಡಿ, ಜಾಲರಿಯ ಮೇಲೆ ಸಡಿಲವಾಗಿ ಹೊದಿಸಿ ಮೇಲಿನಿಂದ ಕೆಳಕ್ಕೆ ನೆರಿಗೆ ಎತ್ತಿ. ಎಳೆದು ಹೊದಿಸಿದರೆ ಒಣಗುವಾಗ ನೆರಿಗೆ ಬಿಚ್ಚಿಕೊಳ್ಳುತ್ತದೆ. ತಗ್ಗು ಅರ್ಧ ಇಂಚಾದರೂ ಇರಲಿ, ಕಡಿಮೆಯಾದರೆ ದೂರಕ್ಕೆ ಕಾಣದು. ನೆರಿಗೆಗಳು ಸಮಾನಾಂತರವಾದರೆ ಪರದೆಯಂತಾಗುತ್ತದೆ; ಅವು ಕೂಡಬೇಕು, ಕವಲೊಡೆಯಬೇಕು, ಮರದ ಗಂಟನ್ನು ಸುತ್ತಿಕೊಂಡು ಹೋಗಬೇಕು. ಒದ್ದೆ ಇರುವಾಗಲೇ ಹಲಗೆ ಚೂರಿನ ಅಂಚಿನಿಂದ 2ರಿಂದ 4 ಇಂಚಿಗೊಂದು ಅಡ್ಡ ಸೀಳು ಒತ್ತಿ, ಒಂದರ ಪಕ್ಕ ಒಂದು ಬಾರದಂತೆ. ಹುಣಸೆಯ ಗುರುತೇ ಈ ಅಡ್ಡ ಸೀಳು. ಬುಡದಲ್ಲಿ ತೊಗಟೆಯ ಚಕ್ಕೆ ದೊಡ್ಡದು, ಮೇಲೆ ಹೋದಂತೆ ಸಣ್ಣದು.

ಬಿಸಿಲಲ್ಲಿ ಚೆನ್ನಾಗಿ ಒಣಗಲಿ. ಮಳೆಗಾಲದಲ್ಲಿ ಫ್ಯಾನ್ ಹಾಕಿದರೂ ಎರಡು ಮೂರು ದಿನ ಹಿಡಿಯುತ್ತದೆ. ಹಸಿ ಗೋಣಿಗೆ ಬಣ್ಣ ಹಚ್ಚಿದರೆ ಬೂಷ್ಟು ಹಿಡಿದು ಪದರ ಏಳುತ್ತದೆ.

ಡಿಸ್ಟೆಂಪರಿಗೆ ಕಪ್ಪು, ಕಂದು ಸ್ಟೈನರ್ (ಬಣ್ಣ ಕೊಡುವ ದ್ರವ) ಬೆರೆಸಿ, ತೆಳ್ಳಗೆ ಮಾಡಿ ಪ್ರತಿ ಬಿರುಕಿನೊಳಗೂ ಇಳಿಸಿ. ಒಂದು ಕಡೆ ಗೋಣಿಯ ಹಳದಿ ಉಳಿದರೂ ದೀಪದಲ್ಲಿ ಎದ್ದು ಕಾಣುತ್ತದೆ. ಒಣಗಿದ ಮೇಲೆ ಬ್ರಷ್ಷನ್ನು ಬಟ್ಟೆಯಲ್ಲಿ ಒರೆಸಿ, ಬೂದುಗಂದು ಬಣ್ಣವನ್ನು ಉಬ್ಬುಗಳ ಮೇಲಷ್ಟೇ ಸವರಿ. ಕೊನೆಗೆ ತಿಳಿಬೂದು, ದೀಪ ಬೀಳುವ ಕಡೆಗೆ ಮಾತ್ರ; ಹೆಚ್ಚಾದರೆ ಸಿಮೆಂಟು ಕಂಬ. ಚಾಕೊಲೇಟ್ ಕಂದು ಹಚ್ಚುವ ರೂಢಿ ಬಿಡಿ: ಹುಣಸೆಗೆ ಆ ಬಣ್ಣವಿಲ್ಲ, ನೀಲಿ ದೀಪದಲ್ಲಿ ಅದು ಬರೀ ಕಪ್ಪು. ಪ್ರದರ್ಶನದ ದೀಪಗಳಡಿಯಲ್ಲೇ ಬಣ್ಣ ಸರಿಮಾಡಿ, ಕಾಂಡದ ಮೇಲೆ ಪಕ್ಕದಿಂದ ಬೀಳುವ ಒಂದು ದೀಪ ಕೇಳಿ ಪಡೆಯಿರಿ.

ನೀರು ತಗುಲಿದರೆ ಬೋರಾಕ್ಸ್ ತೊಳೆದುಹೋಗುತ್ತದೆ. ಮಳೆಗೆ ನೆನೆದ ಕಾಂಡವನ್ನು ಒಣಗಿಸಿ, ಒಳಗಿನಿಂದ ದ್ರಾವಣ ಸಿಂಪಡಿಸಿ, ಚೂರೊಂದನ್ನು ಮತ್ತೆ ಸುಟ್ಟು ನೋಡಿದ ಮೇಲೆಯೇ ರಂಗಕ್ಕೆ ತನ್ನಿ.