ಹಸಿರು ಬೆಳಕು ಕೆಂಪು ಚಾನೆಲ್‌ಗೆ ಸೋರುತ್ತಿದ್ದಾಗ

ಜೀವಕೋಶದ ಎಳೆಗಳನ್ನು ಕಟ್ಟುವ ಪ್ರೋಟೀನ್ ಟ್ಯೂಬ್ಯುಲಿನ್‌ಗೆ ಅಲೆಕ್ಸಾ 488 (ಲೇಸರ್ ಬಿದ್ದರೆ ಹಸಿರಾಗಿ ಹೊಳೆಯುವ ಬಣ್ಣ), ನ್ಯೂಕ್ಲಿಯಸ್‌ನ ಪ್ರೋಟೀನ್ ಲ್ಯಾಮಿನ್‌ಗೆ ಅಲೆಕ್ಸಾ 555 (ಕಿತ್ತಳೆ-ಕೆಂಪು ಬಣ್ಣ) ಹಾಕಿದ್ದೆ. ಕಾನ್ಫೋಕಲ್ ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಕೆಂಪು ಚಾನೆಲ್‌ನಲ್ಲೂ (555ರ ಬೆಳಕು ಹಿಡಿಯುವ ಡಿಟೆಕ್ಟರ್‌ನ ಚಿತ್ರ) ಟ್ಯೂಬ್ಯುಲಿನ್ ಎಳೆಗಳು! ಲ್ಯಾಮಿನ್ ಇರುವುದು ನ್ಯೂಕ್ಲಿಯಸ್ ಅಂಚಿನಲ್ಲಿ, ಅಲ್ವಾ? ಹೊರಗೆ ಎಳೆ ಹೇಗೆ ಬಂತು?

488 ಮಾತ್ರ ಹಾಕಿದ ಸ್ಲೈಡ್ ಇಟ್ಟು ಕೆಂಪು ಚಾನೆಲ್ ತೆರೆದೆ. ಎಳೆಗಳು ಅಲ್ಲೂ ಇದ್ದವು. ಇಂಥ ಸ್ಲೈಡ್ ಪ್ರತಿ ಬಣ್ಣಕ್ಕೂ ಒಂದು ಇರಲೇಬೇಕು.

488ರ ಬೆಳಕು 520 ನ್ಯಾನೋಮೀಟರ್ ಹತ್ತಿರ ಜಾಸ್ತಿ, ಆದರೆ ಅದರ ಬಾಲ 600ರ ಆಚೆಗೂ ಚಾಚುತ್ತದೆ. ಎರಡೂ ಲೇಸರ್ ಒಟ್ಟಿಗೆ ಹಚ್ಚಿದಾಗ ಆ ಬಾಲ 570–620ರ ಡಿಟೆಕ್ಟರ್‌ಗೆ ಬೀಳುತ್ತಿತ್ತು. ಫಿಲ್ಟರ್ ಕಿರಿದು ಮಾಡಿದರೂ ಪೂರ್ತಿ ನಿಲ್ಲಲಿಲ್ಲ.

ಒಂದಾದ ಮೇಲೊಂದು ಸ್ಕ್ಯಾನ್ ಮಾಡಿದೆ. ಮೊದಲು 488 ಲೇಸರ್, 500–540 ಬ್ಯಾಂಡ್. ಅದನ್ನು ಆಫ್ ಮಾಡಿ, ಆಮೇಲೆ 561 ಲೇಸರ್ ಮಾತ್ರ. ಎಳೆಗಳು ಮಾಯವಾದವು, ನ್ಯೂಕ್ಲಿಯಸ್ ಸುತ್ತ ತೆಳುವಾದ ಕೆಂಪು ಉಂಗುರ ಉಳಿಯಿತು. ಈಗ ಹೊಸ ಪ್ರಯೋಗಗಳಿಗೆ 555ರ ಬದಲು, 488ರ ಬೆಳಕಿನಿಂದ ಇನ್ನೂ ದೂರದಲ್ಲಿ ಹೊಳೆಯುವ ಅಲೆಕ್ಸಾ 647 ಬಳಸುತ್ತಿದ್ದೇನೆ. ಅದು ಕಣ್ಣಿಗೆ ಕಾಣುವುದು ಕಷ್ಟ, ಡಿಟೆಕ್ಟರ್‌ಗೆ ಚೆನ್ನಾಗಿ ಕಾಣುತ್ತದೆ.