ಕಹಿ ಇಳಿಯಿತು, ಲೋಳೆ ಉಳಿಯಿತು

ಮೊಳಕೆ ಮೆಂತ್ಯದ ಪುಡಿ ಮಾಡುತ್ತೇನೆ ಎಂದಾಗ ನಮ್ಮ ದಿನಸಿ ಅಂಗಡಿಯವರು, "ಕಹಿ ಹೋದ ಮೇಲೆ ಮೆಂತ್ಯದಲ್ಲಿ ಏನಿರುತ್ತೆ?" ಎಂದರು. ಈಗ ಅವರ ಅಂಗಡಿಯಲ್ಲೇ ತಿಂಗಳಿಗೆ ಐದಾರು ಕೆಜಿ ಹೋಗುತ್ತದೆ.

ಮೊದಲ ಸಲ 10 ಕೆಜಿ ಒಂದೇ ಡ್ರಮ್ಮಿನಲ್ಲಿ ನೆನೆಸಿದೆ. ಬೇಸಿಗೆ ಬೇರೆ. ಲೋಳೆ ಕಟ್ಟಿ ಕಾಳಿಗೆ ಗಾಳಿಯೇ ಆಡಲಿಲ್ಲ, ಹುಳಿ ವಾಸನೆ ಬಂತು. ಸುಮಾರು ಸಾವಿರ ರೂಪಾಯಿ ಗೊಬ್ಬರದ ಗುಂಡಿ ಸೇರಿತು.

ಎರಡನೇ ಸಲ ಮೂರು ದಿನ ಬಿಟ್ಟೆ. ಮೊಳಕೆ ಉದ್ದಕ್ಕೆ, ಚೆನ್ನಾಗಿ ಬಂತು. ಕಹಿಯೂ ಇಳಿದಿತ್ತು. ಆದರೆ ಒಂದು ಚಮಚ ಪುಡಿ ನೀರಿಗೆ ಹಾಕಿ ಹತ್ತು ನಿಮಿಷ ಕಾದರೂ ನೀರು ಗಟ್ಟಿಯಾಗಲೇ ಇಲ್ಲ. ನೀರನ್ನು ಗಟ್ಟಿ ಮಾಡುವುದು ಗ್ಯಾಲಕ್ಟೋಮನ್ನನ್ ಅನ್ನುವ ಲೋಳೆ, ಮೊಳಕೆಗೆಂದು ಕಾಳು ಕಟ್ಟಿಟ್ಟುಕೊಂಡ ಬುತ್ತಿ. ಮೊಳಕೆ ಬೆಳೆದಷ್ಟೂ ಬುತ್ತಿ ಖಾಲಿ. ಊಟದ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಇಳಿಯುವಂತೆ ಮಾಡುವುದೇ ಈ ಲೋಳೆ. ಅದನ್ನು ಕಳೆದುಕೊಂಡು ಪುಡಿ ಮಾರುವುದು ನನಗೆ ಒಪ್ಪಲಿಲ್ಲ.

ಈಗ ಎಂಟು ಗಂಟೆ ನೆನೆಸಿ, ಮೂರು ಸಲ ನೀರು ಬದಲಿಸುತ್ತೇನೆ. ಕಹಿಯ ಸ್ಯಾಪೊನಿನ್ ಒಂದಷ್ಟು ನೀರಿನ ಜೊತೆ ಹೋಗುತ್ತದೆ. ನೆನೆಸುವ ನೀರಿಗೆ ಒಂದು ಅಡುಗೆಮನೆ ವಸ್ತು ಸೇರಿಸಿದರೆ ಲೋಳೆ ಕಾಳಲ್ಲೇ ನಿಲ್ಲುತ್ತದೆ. ಅದೇನು ಅಂತ ಮಾತ್ರ ಹೇಳುವುದಿಲ್ಲ, ನಾಲ್ಕು ತಿಂಗಳು ಹಿಡಿದಿದೆ ಕಂಡುಹಿಡಿಯಲು. ಬಟ್ಟೆಯ ಮೇಲೆ ತೆಳ್ಳಗೆ ಹರವಿ, ಬಿಳಿ ಮೂತಿ ಕಂಡ ಕೂಡಲೇ ನಿಲ್ಲಿಸಬೇಕು. ಇಪ್ಪತ್ತು ಗಂಟೆ ಆಸುಪಾಸು. ಮಳೆಗಾಲದಲ್ಲಿ ಎರಡು ಸಲ ಬೂಷ್ಟು ಹಿಡಿದ ಮೇಲೆ 18 ಸಾವಿರಕ್ಕೆ ಹಳೆಯ ಡ್ರೈಯರ್ ತಂದೆ. 50 ಡಿಗ್ರಿ ಸಾಕು.

ನಡುವೆ ಮೆಂತ್ಯ ಕಾಫಿಯನ್ನೂ ಮಾಡಿ ನೋಡಿದೆ. ಕಾಫಿ ಬೀಜದಲ್ಲಿರುವ ಟ್ರೈಗೊನೆಲಿನ್ ಮೆಂತ್ಯದಲ್ಲೂ ಇದೆ, ಹುರಿದರೆ ಅದರಲ್ಲಿ ಸ್ವಲ್ಪ ನಿಯಾಸಿನ್ ಅನ್ನುವ ಬಿ3 ವಿಟಮಿನ್ ಆಗುತ್ತದೆ. ಕಂದು ಬಣ್ಣಕ್ಕೆ ಹುರಿದಾಗ ಘಮ ತುಂಬಾ ಚೆನ್ನಾಗಿತ್ತು. ಒಂದು ನಿಮಿಷ ಜಾಸ್ತಿಯಾದರೂ ಬಾಯಿಗಿಡಲು ಆಗದು. ಇನ್ನೂ ಹದ ಸಿಕ್ಕಿಲ್ಲ.

ಅಮ್ಮ ಊಟಕ್ಕೆ ಮುಂಚೆ ಎರಡು ಚಮಚ ಮೊಳಕೆ ಪುಡಿಯನ್ನು ಮಜ್ಜಿಗೆಯಲ್ಲಿ ಕುಡಿಯುತ್ತಾರೆ. ಊಟವಾಗಿ ಎರಡು ಗಂಟೆಗೆ 210ರ ಹತ್ತಿರ ಇರುತ್ತಿದ್ದ ಶುಗರ್ ಮೂರು ತಿಂಗಳಲ್ಲಿ 170ರ ಸುತ್ತ ಬಂತು. ಮಾತ್ರೆ ಬಿಟ್ಟಿಲ್ಲ. ಡಾಕ್ಟರಿಗೆ ಹೇಳಿಯೇ ಶುರು ಮಾಡಿದ್ದು, ಎರಡೂ ಸೇರಿ ಶುಗರ್ ತೀರಾ ಇಳಿದುಬಿಡಬಹುದು ಅಲ್ವಾ? ಬಸುರಿಯರಿಗೂ ರಕ್ತ ತೆಳುವಾಗುವ ಮಾತ್ರೆ ನುಂಗುವವರಿಗೂ ನಾನು ಕೊಡುವುದಿಲ್ಲ. ಬೆವರಿಗೆ ಮೆಂತ್ಯದ ವಾಸನೆ ಬರುತ್ತದೆ ಎಂದು ಕೆಲವರು ಹೆದರಿ ಫೋನ್ ಮಾಡುತ್ತಾರೆ. ಅದು ಸೊಟೊಲೋನ್, ಘಮ ಕೊಡುವ ಅಂಶ. ಹೆದರಬೇಡಿ.